ಆರೋಪಿಯ ಮೊದಲ 24 ಗಂಟೆ

ಕೊಡಗಿನ ಆದಿವಾಸಿ ಕೂಲಿಕಾರರೊಬ್ಬರು ಹೆಂಡತಿಯನ್ನು ಕೊಂದ ಆರೋಪ ಹೊತ್ತು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದರು. ಹೆಂಡತಿ ಕಾಣೆಯಾಗಿದ್ದಳು, ಪಕ್ಕದ ಮೈಸೂರು ಜಿಲ್ಲೆಯಲ್ಲಿ ಅಸ್ಥಿಪಂಜರವೊಂದು ಸಿಕ್ಕಿತು. ಎರಡನ್ನೂ ಜೋಡಿಸಿ ಪೊಲೀಸರು ಪ್ರಕರಣ ಕಟ್ಟಿದರು. ಡಿಎನ್‌ಎ ಪರೀಕ್ಷೆ ಆ ಜೋಡಣೆಯನ್ನು ಒಪ್ಪಲಿಲ್ಲ. ಆದರೂ ಮೊಕದ್ದಮೆ ನಿಲ್ಲಲಿಲ್ಲ. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಕೂತಿದ್ದದ್ದು ಪರಿಚಯದವರ ಕಣ್ಣಿಗೆ ಬಿತ್ತು. ಅದೇ ತಿಂಗಳು ಮೈಸೂರಿನ ಸೆಷನ್ಸ್ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿ, 1 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ತನಿಖೆ ಮಾಡಿದವರ ಮೇಲೆ ಕ್ರಮಕ್ಕೂ ಸೂಚಿಸಿತು.

ಈ ಮನುಷ್ಯನನ್ನು ಉಳಿಸಿದ್ದು ಕಾನೂನಲ್ಲ, ಆಕಸ್ಮಿಕ. ಆ ದಿನ ಆ ಹೋಟೆಲಿಗೆ ಅವರ ಪರಿಚಯದವರು ಹೋಗದೇ ಇದ್ದಿದ್ದರೆ? ಅಥವಾ ಆ ಹೆಂಗಸು ಬೇರೆಲ್ಲೋ ಕಾಯಿಲೆ ಬಿದ್ದು ಸತ್ತೇ ಹೋಗಿದ್ದರೆ? ಅವರನ್ನು ಹಿಡಿದ ದಿನದಿಂದ ಬಿಡುಗಡೆಯ ದಿನದವರೆಗೆ ಸಂವಿಧಾನ ಇಟ್ಟ ಕಾವಲುಗಳು ಒಂದೆರಡಲ್ಲ: ಠಾಣೆ, ಮ್ಯಾಜಿಸ್ಟ್ರೇಟ್, ವಕೀಲ, ಜಾಮೀನು, ಸೆಷನ್ಸ್ ಕೋರ್ಟು. ಒಂದೂ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬರಲಿಲ್ಲ. 75 ವರ್ಷಗಳ ತೀರ್ಪುಗಳಲ್ಲಿ ಆರೋಪಿಯ ಹಕ್ಕು ಇಷ್ಟು ಬೆಳೆದಿರುವಾಗ ಹೀಗೇಕಾಗುತ್ತದೆ ಎಂಬುದನ್ನು ನೋಡುವುದು ಈ ಲೇಖನದ ಉದ್ದೇಶ.

ಸಂವಿಧಾನದ ಮಾತು ಚಿಕ್ಕದು. 20ನೇ ವಿಧಿ ಹೇಳುವುದು ಮೂರು ಸಂಗತಿ: ಕೃತ್ಯ ನಡೆದಾಗ ಅಪರಾಧವಲ್ಲದ್ದಕ್ಕೆ ಆಮೇಲೆ ಕಾನೂನು ಮಾಡಿ ಶಿಕ್ಷಿಸುವಂತಿಲ್ಲ, ಒಂದೇ ಅಪರಾಧಕ್ಕೆ ಎರಡು ಸಲ ಶಿಕ್ಷೆಯಿಲ್ಲ, ಯಾರನ್ನೂ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡುವಂತಿಲ್ಲ. 22ನೇ ವಿಧಿಯ ಪ್ರಕಾರ ಬಂಧಿಸಿದವನಿಗೆ ಕಾರಣ ಹೇಳಬೇಕು, ತನಗೆ ಬೇಕಾದ ವಕೀಲನನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇವೆರಡರ ನಡುವಿನ 21ನೇ ವಿಧಿ, ಕಾನೂನು ಸ್ಥಾಪಿಸಿದ ಕಾರ್ಯವಿಧಾನದ ಹೊರತು ಯಾರ ಜೀವವನ್ನೂ ವೈಯಕ್ತಿಕ ಸ್ವಾತಂತ್ರ್ಯವನ್ನೂ ಕಸಿಯುವಂತಿಲ್ಲ ಎನ್ನುತ್ತದೆ.

ಈ 21ನೇ ವಿಧಿಯ ಪದಗಳ ಹಿಂದೆ ನಮ್ಮ ಕರಾವಳಿಯವರೊಬ್ಬರ ಕೈಯಿದೆ. ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾಯರು ಸಂವಿಧಾನ ರಚನಾ ಸಭೆಯ ಸಲಹೆಗಾರರು. 1947ರ ಕೊನೆಯಲ್ಲಿ ಅವರು ಅಮೆರಿಕಕ್ಕೆ ಹೋದಾಗ ಅಲ್ಲಿನ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಅಮೆರಿಕದ ಸಂವಿಧಾನದ 'ಡ್ಯೂ ಪ್ರೊಸೆಸ್' ಎಂಬ ಮಾತನ್ನು ಹಿಡಿದು ಅಲ್ಲಿನ ಕೋರ್ಟುಗಳು ಜನಪ್ರತಿನಿಧಿಗಳು ಮಾಡಿದ ಕಾರ್ಮಿಕ ಕಾನೂನುಗಳನ್ನು ಹೊಡೆದುಹಾಕಿದ್ದವು. ಜನ ಆರಿಸಿದ ಶಾಸನಸಭೆಯ ಮೇಲೆ ನ್ಯಾಯಾಧೀಶರಿಗೆ ಅಷ್ಟು ಅಧಿಕಾರ ಬೇಡವೆಂಬುದು ಫ್ರಾಂಕ್‌ಫರ್ಟರ್ ಅಭಿಪ್ರಾಯ. ರಾಯರಿಗೆ ಅದು ಸರಿಯೆನ್ನಿಸಿತು. ಭೂಸುಧಾರಣೆ ಎದುರಿಗಿದ್ದ ದೇಶಕ್ಕೆ ಆ ಎಚ್ಚರಿಕೆ ತಳ್ಳಿಹಾಕುವಂಥದ್ದೂ ಆಗಿರಲಿಲ್ಲ. 1948ರ ಕರಡಿನಲ್ಲಿ ಡ್ಯೂ ಪ್ರೊಸೆಸ್ ಹೋಗಿ, ಜಪಾನಿನ ಸಂವಿಧಾನದ ಮಾದರಿಯಲ್ಲಿ 'ಕಾನೂನು ಸ್ಥಾಪಿಸಿದ ಕಾರ್ಯವಿಧಾನ' ಬಂತು. ಸಭೆಯಲ್ಲಿ ಕೆ. ಎಂ. ಮುನ್ಷಿ ಮೊದಲಾದವರು ಹಳೆಯ ಮಾತೇ ಇರಲೆಂದು ವಾದಿಸಿದರೂ ಗೆಲ್ಲಲಿಲ್ಲ. ಆದ ನಷ್ಟ ಅಂಬೇಡ್ಕರರಿಗೆ ಗೊತ್ತಿತ್ತು. 1949ರ ಸೆಪ್ಟೆಂಬರ್‌ನಲ್ಲಿ ಅವರು ಇನ್ನೊಂದು ವಿಧಿಯನ್ನು ತಂದು ಸೇರಿಸಿದರು. ಕಳೆದದ್ದಕ್ಕೆ ಪರಿಹಾರವಾಗಿ ಅವರು ತಂದ ಅದೇ ಇಂದಿನ 22ನೇ ವಿಧಿ. ಪೊಲೀಸ್ ಠಾಣೆಯಲ್ಲಿ ಕೂತವನಿಗೆ ಇವತ್ತು ಹೇಳಿಕೊಳ್ಳಲು ಏನಾದರೂ ಇದ್ದರೆ ಅದು ಮುಖ್ಯವಾಗಿ ಅವರ ಆ ಸೇರ್ಪಡೆಯಿಂದ.

ಪದ ಬದಲಾದ ಪರಿಣಾಮ ಸಂವಿಧಾನ ಜಾರಿಯಾದ ನಾಲ್ಕೇ ತಿಂಗಳಲ್ಲಿ ಕಾಣಿಸಿತು. ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್ 1947ರ ಡಿಸೆಂಬರ್‌ನಿಂದ ಬಂಧನದಲ್ಲಿದ್ದರು. ಅವರ ಪರ ವಾದಿಸಿದ ಎಂ. ಕೆ. ನಂಬಿಯಾರ್ ಮಂಗಳೂರಿನಲ್ಲಿ ವಕೀಲಿ ಆರಂಭಿಸಿದವರು. ಕಾನೂನು ಎಂದರೆ ಶಾಸನಸಭೆ ಪಾಸು ಮಾಡಿದ್ದೆಲ್ಲ ಅಲ್ಲ, ಅದರಲ್ಲಿ ನ್ಯಾಯವೂ ಇರಬೇಕು ಎಂದರು. 1950ರ ಮೇ 19ರಂದು ಆರು ನ್ಯಾಯಮೂರ್ತಿಗಳಲ್ಲಿ ಐವರು ಒಪ್ಪಲಿಲ್ಲ. ಫಜಲ್ ಅಲಿ ಒಬ್ಬರು ಮಾತ್ರ ಭಿನ್ನವಾಗಿ ಬರೆದರು. ಕಾನೂನಿದ್ದರೆ ಸಾಕು, ಅದು ನ್ಯಾಯವೋ ಅಲ್ಲವೋ ಎಂದು ಕೇಳುವುದು ನಮ್ಮ ಕೆಲಸವಲ್ಲ ಎಂಬ ಆ ನಿಲುವು 28 ವರ್ಷ ನಿಂತಿತು.

ಆ ನಿಲುವಿನ ಪೂರ್ತಿ ಬೆಲೆ ತೆತ್ತದ್ದು ತುರ್ತುಪರಿಸ್ಥಿತಿಯಲ್ಲಿ. 1975ರ ಜೂನ್ 26ರಂದು ವಾಜಪೇಯಿ, ಆಡ್ವಾಣಿ ಮೊದಲಾದವರನ್ನು ಬೆಂಗಳೂರಿನಲ್ಲೇ ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದರು. ಅವರು ಕರ್ನಾಟಕ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಅವರ ವಕೀಲರಲ್ಲಿ ಒಬ್ಬರಾದ ಎಂ. ರಾಮಾ ಜೋಯಿಸ್ ಕೂಡ ಆಮೇಲೆ ಅದೇ ಜೈಲು ಸೇರಿದರು. ಇಂಥ ಅರ್ಜಿಗಳನ್ನು ಕೇಳಲು ತಮಗೆ ಅಧಿಕಾರವಿದೆ ಎಂದು ಒಂಬತ್ತು ಹೈಕೋರ್ಟುಗಳು ಹೇಳಿದವು, ಅದರಲ್ಲಿ ನಮ್ಮದೂ ಒಂದು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ಎಡಿಎಂ ಜಬಲ್ಪುರ ಪ್ರಕರಣದಲ್ಲಿ ಅಷ್ಟನ್ನೂ ತಳ್ಳಿಹಾಕಿ, ತುರ್ತುಪರಿಸ್ಥಿತಿಯಲ್ಲಿ ಬಂಧಿತನಿಗೆ ಕೋರ್ಟಿನ ಬಾಗಿಲೇ ಇಲ್ಲವೆಂದಿತು. ಒಪ್ಪದ ಒಬ್ಬರೇ ಎಚ್. ಆರ್. ಖನ್ನಾ, ಅವರಿಗೆ ಮುಖ್ಯ ನ್ಯಾಯಮೂರ್ತಿಯ ಸ್ಥಾನ ತಪ್ಪಿತು. ತೀರ್ಪು ಬಂದ ಕೆಲವೇ ದಿನಗಳಲ್ಲಿ 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ಕನ್ನಡಿಗರಿಗೆ ಪರಿಚಿತರಾಗಿದ್ದ ಸ್ನೇಹಲತಾ ರೆಡ್ಡಿ ಅವರ ಬಂಧನವಾಯಿತು. ಆಸ್ತಮಾ ರೋಗಿ. ಬರೋಡಾ ಡೈನಮೈಟ್ ಪ್ರಕರಣದ ಹೆಸರಿನಲ್ಲಿ ಹಿಡಿದರು, ಆದರೆ ಅದರ ದೋಷಾರೋಪ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಬೆಂಗಳೂರು ಜೈಲಿನಲ್ಲಿ ಎಂಟು ತಿಂಗಳು ಇಟ್ಟು, ದೇಹ ಕೈಬಿಡುವ ಹಂತಕ್ಕೆ ಬಂದಾಗ 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಗೆ ಕಳಿಸಿದರು. ಕೆಲವೇ ದಿನಗಳಲ್ಲಿ ತೀರಿಕೊಂಡರು. ಯಾವ ವಿಚಾರಣೆಯೂ ನಡೆಯಲಿಲ್ಲ. ಕೇಳುವ ಕೋರ್ಟಿಲ್ಲದಾಗ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕಕ್ಕೆ ಬೇರೆ ಉದಾಹರಣೆ ಬೇಕಾಗಿಲ್ಲ.

ತಿದ್ದುಪಡಿ ಎರಡು ಕಡೆಯಿಂದ ಬಂತು. 1978ರ 44ನೇ ತಿದ್ದುಪಡಿ, ತುರ್ತುಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳನ್ನು ಅಮಾನತಿನಲ್ಲಿಡಲು ಬರುವುದಿಲ್ಲವೆಂದು ಖಾತ್ರಿ ಮಾಡಿತು. ಅದೇ ವರ್ಷದ ಜನವರಿ 25ರಂದು, ಮೇನಕಾ ಗಾಂಧಿಯವರ ಪಾಸ್‌ಪೋರ್ಟ್ ವಶಪಡಿಸಿಕೊಂಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕಾರ್ಯವಿಧಾನ ಎಂದರೆ ನ್ಯಾಯವಾದದ್ದು, ಸಮಂಜಸವಾದದ್ದು ಎಂದು ತೀರ್ಮಾನಿಸಿತು. ಬೆನೆಗಲ್ ರಾಯರು ಬಾಗಿಲಿನಿಂದ ಕಳಿಸಿದ್ದ ಡ್ಯೂ ಪ್ರೊಸೆಸ್ ಕಿಟಕಿಯಿಂದ ಒಳಗೆ ಬಂತು. ಜಬಲ್ಪುರ ತೀರ್ಪನ್ನು ಔಪಚಾರಿಕವಾಗಿ ಅಳಿಸಿಹಾಕಲು ಮಾತ್ರ 2017ರ ತನಕ ಕಾಯಬೇಕಾಯಿತು. ಅದಾದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಹಾಕಿದ ಖಾಸಗಿತನದ ಅರ್ಜಿಯಲ್ಲಿ.

1978ರ ಆಚೆಗಿನ ಎರಡು ದಶಕ ಆರೋಪಿಯ ಹಕ್ಕಿನ ಸುಗ್ಗಿ ಕಾಲ. ಬಿಹಾರದ ಜೈಲುಗಳಲ್ಲಿ ತಮ್ಮ ಮೇಲಿನ ಆರೋಪಕ್ಕೆ ಇರುವ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದವರ ಸುದ್ದಿ ಹುಸೇನಾರಾ ಖಾತೂನ್ ಪ್ರಕರಣವಾಗಿ (1979), ಬೇಗನೆ ವಿಚಾರಣೆ ಮುಗಿಸುವುದೂ ಬಡವನಿಗೆ ಸರ್ಕಾರದ ಖರ್ಚಿನಲ್ಲಿ ವಕೀಲನನ್ನು ಕೊಡುವುದೂ ಜೀವದ ಹಕ್ಕಿನ ಭಾಗವೆಂದಾಯಿತು. ಬಂಧಿಸುವ ಅಧಿಕಾರವಿದೆ ಎಂದ ಮಾತ್ರಕ್ಕೆ ಬಂಧಿಸುವುದು ಸರಿಯಾಗುವುದಿಲ್ಲ ಎಂದು 1994ರಲ್ಲಿ ಹೇಳಿದ ಪೀಠದ ಮುಖ್ಯಸ್ಥರು ನಮ್ಮ ಎಂ. ಎನ್. ವೆಂಕಟಾಚಲಯ್ಯನವರು. ಡಿ. ಕೆ. ಬಸು ಪ್ರಕರಣ (1996) ಬಂಧನಕ್ಕೆ 11 ನಿಯಮ ಹಾಕಿತು: ಪೊಲೀಸರ ಎದೆಯ ಮೇಲೆ ಹೆಸರಿನ ಪಟ್ಟಿ ಇರಬೇಕು, ಸಾಕ್ಷಿಯ ಸಹಿಯೊಂದಿಗೆ ಬಂಧನದ ಪತ್ರ ಬರೆಯಬೇಕು, ಮನೆಯವರಿಗೆ ತಿಳಿಸಬೇಕು, ವೈದ್ಯರಿಂದ ತಪಾಸಣೆ ಆಗಬೇಕು. ಒಂದು ಕಾಲಕ್ಕೆ ದೇಶದ ಮೂಲೆಮೂಲೆಯಿಂದ ಆರೋಪಿಗಳನ್ನು ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ತಂದು ಮಂಪರು ಪರೀಕ್ಷೆ ಮಾಡಿಸುತ್ತಿದ್ದರು, ಅದರ ವಿಡಿಯೊ ಟಿವಿಯಲ್ಲಿ ಓಡುತ್ತಿತ್ತು. ಒಪ್ಪಿಗೆಯಿಲ್ಲದೆ ಅದನ್ನು ಮಾಡುವುದು 20ನೇ ವಿಧಿಗೆ ವಿರುದ್ಧ ಎಂದು 2010ರಲ್ಲಿ ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣ ತೀರ್ಮಾನಿಸಿತು.

ಇಷ್ಟೆಲ್ಲ ಇದ್ದೂ ಕೊಡಗಿನ ಆ ಮನುಷ್ಯನಿಗೆ ಏಕೆ ಒದಗಲಿಲ್ಲ? ನನ್ನ ಉತ್ತರ ಒಂದೇ: ಹಕ್ಕು ಬೆಳೆದದ್ದು ದೆಹಲಿಯಲ್ಲಿ, ಅದು ಉಳಿಯುವುದೋ ಸಾಯುವುದೋ ತೀರ್ಮಾನವಾಗುವುದು ಠಾಣೆಯಲ್ಲಿ ಮತ್ತು ರಿಮ್ಯಾಂಡ್ ಕೊಡುವ ಮ್ಯಾಜಿಸ್ಟ್ರೇಟರ ಮೇಜಿನ ಮುಂದೆ. ಆ ಮೊದಲ 24 ಗಂಟೆಯಲ್ಲಿ ತಪ್ಪಿದ್ದನ್ನು ಮುಂದಿನ ಯಾವ ಕೋರ್ಟೂ ಸುಲಭದಲ್ಲಿ ಸರಿಪಡಿಸಲಾರದು.

ಆ 24 ಗಂಟೆಯನ್ನು ಹತ್ತಿರದಿಂದ ನೋಡಬೇಕು. 'ಸ್ವಲ್ಪ ವಿಚಾರಿಸೋದಿದೆ, ಬಾ' ಎಂದು ಸೋಮವಾರ ಸಂಜೆ ಕರೆದುಕೊಂಡು ಹೋಗುತ್ತಾರೆ. ದಸ್ತಗಿರಿ ಎಂದು ಡೈರಿಯಲ್ಲಿ ಬರೆಯುವುದು ಬುಧವಾರ. ನಡುವಿನ ಎರಡು ರಾತ್ರಿ ಯಾವ ಕಾಗದದಲ್ಲೂ ಇರುವುದಿಲ್ಲ, ಸಂವಿಧಾನದ 24 ಗಂಟೆ ಶುರುವಾಗುವುದೇ ಮೂರನೇ ದಿನ. ಠಾಣೆಯ ಮೂಲೆಮೂಲೆಗೆ ಸಿಸಿಟಿವಿ ಹಾಕಬೇಕೆಂದು 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆದೇಶಿಸಿದ್ದು ಇದಕ್ಕೇ. ಬಳಿಕ ಮ್ಯಾಜಿಸ್ಟ್ರೇಟರ ಮುಂದೆ, ಕೆಲವೊಮ್ಮೆ ರಾತ್ರಿ ಹೊತ್ತು ಅವರ ಮನೆಗೇ, ಕರೆತರುತ್ತಾರೆ. 'ಪೊಲೀಸರು ಹೊಡೆದರಾ?' ಎಂದು ಅವರು ಕೇಳುತ್ತಾರೆ. ಆರೋಪಿ ಪಕ್ಕದಲ್ಲಿ ನಿಂತ ಪೇದೆಯ ಮುಖ ನೋಡಿ 'ಇಲ್ಲ ಸ್ವಾಮಿ' ಎನ್ನುತ್ತಾನೆ. ಅವನು ಮತ್ತೆ ಹೋಗಬೇಕಾದದ್ದು ಅದೇ ಪೇದೆಯ ಜೊತೆಗೆ. ಆದೇಶದ ಹಾಳೆಯಲ್ಲಿ 'ದೂರು ಇಲ್ಲ' ಎಂದು ದಾಖಲಾಗುತ್ತದೆ, 14 ದಿನದ ನ್ಯಾಯಾಂಗ ಬಂಧನಕ್ಕೆ ಸಹಿ ಬೀಳುತ್ತದೆ. ಎಷ್ಟು ಹೊತ್ತಿಗೆ ಹಿಡಿದರು, ಯಾಕೆ ಹಿಡಿದರೆಂದು ನಿನಗೆ ಹೇಳಿದರಾ, ಮನೆಯವರಿಗೆ ಗೊತ್ತಾ, ವಕೀಲರಿದ್ದಾರಾ, ಬಂಧಿಸುವ ಅಗತ್ಯವಾದರೂ ಏನಿತ್ತು? ಈ ಪ್ರಶ್ನೆಗಳನ್ನು ಪೊಲೀಸರನ್ನು ಹೊರಗೆ ನಿಲ್ಲಿಸಿ ಕೇಳಲು ಐದು ನಿಮಿಷ ಸಾಕು. ದಿನಕ್ಕೆ ಹತ್ತಾರು ಪ್ರಕರಣ ನೋಡುವ ಮ್ಯಾಜಿಸ್ಟ್ರೇಟರಿಗೆ ಆ ಐದು ನಿಮಿಷವೇ ದುಬಾರಿ ಎಂಬುದೂ ನಿಜ; ಅದರ ಹೊಣೆ ನ್ಯಾಯಾಧೀಶರ ಹುದ್ದೆ ತುಂಬದ ಸರ್ಕಾರ ಮತ್ತು ಹೈಕೋರ್ಟುಗಳ ಮೇಲಿದೆ.

ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ತಟ್ಟನೆ ಬಂಧಿಸದೆ ಮೊದಲು ನೋಟಿಸ್ ಕೊಡಬೇಕು, ಕಾರಣವಿಲ್ಲದೆ ರಿಮ್ಯಾಂಡ್ ಮಾಡುವ ಮ್ಯಾಜಿಸ್ಟ್ರೇಟರ ಮೇಲೂ ಇಲಾಖಾ ಕ್ರಮ ಜರುಗಿಸಬೇಕು ಎಂದು 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿತು. ಬಂಧನದ ಕಾರಣವನ್ನು ಬರಹದಲ್ಲಿ ಕೊಡಬೇಕೆಂಬ ನಿಯಮ 2023ರಲ್ಲಿ ಪಂಕಜ್ ಬನ್ಸಲ್ ಪ್ರಕರಣದಿಂದ ಶುರುವಾಗಿ, 2024ರ ಪ್ರಬೀರ್ ಪುರಕಾಯಸ್ಥ ತೀರ್ಪಿನಲ್ಲಿ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಗೂ (ಯುಎಪಿಎ) ಅನ್ವಯವಾಯಿತು. ಕನ್ನಡ ಓದುಗರಿಗೆ ಇದು ನಟ ದರ್ಶನ್ ಪ್ರಕರಣದ ಮೂಲಕ ಗೊತ್ತು: ಹೈಕೋರ್ಟು ಜಾಮೀನು ಕೊಡುವಾಗ ಕಾರಣ ಬರೆದುಕೊಡುವಲ್ಲಿನ ಲೋಪವನ್ನೂ ಗಮನಿಸಿತ್ತು, ಅದರಿಂದ ಆರೋಪಿಗೆ ತೊಂದರೆಯಾಗಿಲ್ಲವೆಂದು 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಜಾಮೀನು ರದ್ದುಮಾಡಿತು. ಅದೇ ವರ್ಷದ ನವೆಂಬರ್‌ನಲ್ಲಿ ಇನ್ನೊಂದು ಪೀಠ, ಎಲ್ಲ ಅಪರಾಧಗಳಲ್ಲೂ ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದುಕೊಡಬೇಕು, ತಡವಾದರೂ ರಿಮ್ಯಾಂಡಿಗೆ ಎರಡು ಗಂಟೆ ಮುಂಚೆಯಾದರೂ ಕೈಗೆ ಸಿಗಬೇಕು ಎಂದಿತು. ನನ್ನ ಮಟ್ಟಿಗೆ ಈ ಎರಡು ಗಂಟೆಯ ನಿಯಮ ಇತ್ತೀಚಿನ ವರ್ಷಗಳ ಅತಿ ಉಪಯುಕ್ತ ತೀರ್ಪು. ದೊಡ್ಡ ತತ್ವ ಹೇಳದೆ, ಗಡಿಯಾರ ನೋಡಿ ಪಾಲಿಸಬಹುದಾದ್ದನ್ನು ಅದು ಹೇಳಿದೆ.

ಜಾಮೀನಿನ ವಿಷಯಕ್ಕೆ ಬಂದರೆ, ಸಿಗುವುದು ಒಂದು ಕಷ್ಟ, ಸಿಕ್ಕ ಮೇಲೆ ಬಿಡುಗಡೆಯಾಗುವುದು ಇನ್ನೊಂದು. ಮಧ್ಯಪ್ರದೇಶದ ಗಾರೆ ಕೆಲಸಗಾರರೊಬ್ಬರಿಗೆ ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟರೂ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಶ್ಯೂರಿಟಿ ಕೇಳಿದರು. ಅವರ ಸಹೋದರ ಮುಂದೆ ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಿರಸ್ಕರಿಸಿದರು. 1978ರಲ್ಲಿ ಆ ಅರ್ಜಿ ಕೇಳಿದ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಒಬ್ಬ ಕನ್ನಡಿಗನೋ ಮಲಯಾಳಿಯೋ ಬಸ್ತಾರಿನಲ್ಲೋ ಚಾಂದನಿ ಚೌಕದಲ್ಲೋ ಬಂಧಿತನಾದರೆ ಅಲ್ಲಿ ಆಸ್ತಿಯಿರುವ ಜಾಮೀನುದಾರನನ್ನು ಎಲ್ಲಿಂದ ತರಬೇಕು ಎಂದು ಕೇಳಿದರು. ಮೊತ್ತವನ್ನು 1,000 ರೂಪಾಯಿಗೆ ಇಳಿಸಿದರು. ಈಗ ಪ್ರಶ್ನೆ ತಿರುಗಿ ನಮ್ಮೂರಿಗೇ ಬಂದಿದೆ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಿಹಾರ, ಒಡಿಶಾ, ರಾಯಚೂರು, ಯಾದಗಿರಿಯಿಂದ ಬಂದವನು ಸಿಕ್ಕಿಬಿದ್ದರೆ, ಪಹಣಿ ಹಿಡಿದು ಕೋರ್ಟಿಗೆ ಬಂದು ಸಹಿ ಹಾಕುವವರು ಯಾರು? ಹಣ ಪಡೆದು ಶ್ಯೂರಿಟಿ ನಿಲ್ಲುವವರ ದಂಧೆ ಕೋರ್ಟಿನ ಆವರಣಗಳಲ್ಲಿ ಬೆಳೆದದ್ದು ಈ ಕೊರತೆಯಿಂದಲೇ. ಜಾಮೀನು ಸಿಕ್ಕಿ ತಿಂಗಳಾದರೂ ಬಾಂಡ್ ಕೊಡಲಾಗದವನ ಷರತ್ತನ್ನು ಸಡಿಲಿಸಬಹುದೆಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಬಡ ವಿಚಾರಣಾಧೀನ ಕೈದಿಗೆ ಹಣದ ನೆರವು ಕೊಡುವ ಕೇಂದ್ರದ ಯೋಜನೆಯೂ ಅದೇ ವರ್ಷ ಬಂತು. ಇವೆರಡೂ ಗೊತ್ತಿರುವ ಕೈದಿ ಅಪರೂಪ.

2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಜನ, ಅಂದರೆ ನೂರಕ್ಕೆ ಸುಮಾರು 76, ಇನ್ನೂ ಅಪರಾಧ ಸಾಬೀತಾಗದವರು. ವಿಚಾರಣೆಗೆ ಇಷ್ಟೇ ವರ್ಷ ಎಂದು ಗಡುವು ಹಾಕಲು ಕೋರ್ಟುಗಳಿಗೆ ಬರುವುದಿಲ್ಲವೆಂದು 2002ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ಪ್ರಕರಣ ಕರ್ನಾಟಕದ್ದೇ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಂತೆ, ಹಿಂದೆ ಯಾವ ಅಪರಾಧದಲ್ಲೂ ತಪ್ಪಿತಸ್ಥನೆಂದು ತೀರ್ಮಾನವಾಗಿರದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದರೆ ಬಿಡಬೇಕು. ಒಳ್ಳೆಯದೇ. ಆದರೆ ಒಂದಕ್ಕಿಂತ ಹೆಚ್ಚು ಪ್ರಕರಣವಿದ್ದವನಿಗೆ, ಜೀವಾವಧಿ ಅಥವಾ ಮರಣದಂಡನೆಯ ಆರೋಪವಿದ್ದವನಿಗೆ ಇದು ಅನ್ವಯಿಸದು. ಕೊಡಗಿನ ಆ ಮನುಷ್ಯನಿಗೂ ಇದರಿಂದ ಉಪಯೋಗವಾಗುತ್ತಿರಲಿಲ್ಲ.

ತಡ ಆರೋಪಿಯನ್ನಷ್ಟೇ ಕಾಡುವುದಿಲ್ಲ. ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆಯಾದದ್ದು 2017ರ ಸೆಪ್ಟೆಂಬರ್ 5ರಂದು. ವಿಚಾರಣೆ ಬೇಗ ಮುಗಿಯುವ ಲಕ್ಷಣವಿಲ್ಲವೆಂದು 2023ರ ಡಿಸೆಂಬರ್‌ನಲ್ಲಿ ಹೈಕೋರ್ಟು ಆರೋಪಿಯೊಬ್ಬನಿಗೆ ಜಾಮೀನು ಕೊಟ್ಟಿತು. ಮುಂದೆ ಇನ್ನೂ ಹಲವರಿಗೆ ಸಿಕ್ಕಿತು. ಗೌರಿಯನ್ನು ಮೆಚ್ಚಿದವರಿಗೆ ಇದರಿಂದ ನೋವಾಯಿತು, ನನಗೂ ಆಯಿತು. ಆದರೂ ಆದೇಶ ಸರಿ ಎಂದೇ ಹೇಳುತ್ತೇನೆ. ನಮಗೆ ಬೇಕಾದವರಿಗೆ ಒಂದು, ಬೇಡದವರಿಗೆ ಇನ್ನೊಂದು ಎಂದರೆ ಅದು ಹಕ್ಕಾಗಿ ಉಳಿಯುವುದಿಲ್ಲ. ಸಿಟ್ಟು ಬರಬೇಕಾದದ್ದು ವಿಚಾರಣೆಯನ್ನು ವರ್ಷಗಟ್ಟಲೆ ಎಳೆದ ವ್ಯವಸ್ಥೆಯ ಮೇಲೆ.

ಸಾಮಾನ್ಯ ಕಾನೂನಿನ ಪಕ್ಕದಲ್ಲೇ ಇನ್ನೊಂದು ಬಗೆಯ ಕಾನೂನು ಬೆಳೆದಿದೆ. ಯುಎಪಿಎ ಅಡಿಯಲ್ಲಿ ಪೊಲೀಸರ ಕಾಗದಗಳು ಮೇಲ್ನೋಟಕ್ಕೆ ನಿಜವೆಂದು ಕಂಡರೆ ಜಾಮೀನಿಲ್ಲ. ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯಲ್ಲಿ ತಾನು ತಪ್ಪಿತಸ್ಥನಲ್ಲವೆಂದು ಜಾಮೀನಿನ ಹಂತದಲ್ಲೇ ಕೋರ್ಟಿಗೆ ಮನವರಿಕೆ ಮಾಡಿಕೊಡಬೇಕು. 2017ರಲ್ಲಿ ಬಿದ್ದುಹೋದ ಈ ಷರತ್ತು ತಿದ್ದುಪಡಿಯಾಗಿ ಮರಳಿ, 2022ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಒಪ್ಪಿಗೆಯನ್ನೂ ಪಡೆಯಿತು. ಅದು ತಪ್ಪು ತೀರ್ಪು ಎಂಬುದು ನನ್ನ ಅಭಿಪ್ರಾಯ. ವಿಚಾರಣೆಯ ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಆರಂಭದಲ್ಲೇ ಕೇಳಿ, ಉತ್ತರ ಕೊಡುವ ಭಾರವನ್ನು ಜೈಲಿನಲ್ಲಿ ಕೂತವನ ಮೇಲೆ ಹೊರಿಸುತ್ತದೆ. ಆಮೇಲಿನ ಪೀಠಗಳು ವಿಚಾರಣೆ ತಡವಾಯಿತೆಂದು ಒಬ್ಬೊಬ್ಬರನ್ನಾಗಿ ಬಿಡುತ್ತಿವೆ. ಮೂಲ ತೀರ್ಪು ಹಾಗೇ ಇದೆ. ನಮ್ಮ ರಾಜ್ಯದ 1985ರ ಗೂಂಡಾ ಕಾಯ್ದೆಯಲ್ಲಂತೂ ವಿಚಾರಣೆಯೇ ಬೇಡ, 12 ತಿಂಗಳವರೆಗೆ ಒಳಗಿಡಬಹುದು. ಬಂಧನವನ್ನು ಪರಿಶೀಲಿಸುವ ಸಲಹಾ ಮಂಡಳಿಯ ಮುಂದೆ ವಕೀಲನನ್ನು ಕರೆದೊಯ್ಯುವ ಹಕ್ಕೂ ಬಂಧಿತನಿಗಿಲ್ಲ. ಇದಕ್ಕೆ ಅವಕಾಶ ಕೊಟ್ಟದ್ದು ಅದೇ 22ನೇ ವಿಧಿಯ ಉಳಿದ ಭಾಗ.

2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆ ಶೋಧನೆಯ ವಿಡಿಯೊ ಚಿತ್ರೀಕರಣ ಕಡ್ಡಾಯ ಮಾಡಿದ್ದನ್ನು ಸ್ವಾಗತಿಸಬೇಕು; ಅದೇ ಪಂಚರು ಪ್ರತಿ ಮಹಜರಿಗೂ ಸಹಿ ಹಾಕುವ ರೂಢಿಗೆ ಇದು ಮದ್ದು. ಆದರೆ 15 ದಿನದ ಪೊಲೀಸ್ ಕಸ್ಟಡಿಯನ್ನು 40 ಅಥವಾ 60 ದಿನಗಳಲ್ಲಿ ಹಂಚಿ ಪಡೆಯಲು ಬಿಟ್ಟದ್ದು ಅಪಾಯ. ಜೈಲಿಗೆ ಹೋದ ಮೇಲೂ ಠಾಣೆಗೆ ವಾಪಸ್ ಹೋಗಬಹುದೆಂಬ ಭಯವಿರುವವನು ಏಟಿನ ಬಗ್ಗೆ ಬಾಯಿ ಬಿಡಲಾರ. ಕೈಕೋಳಕ್ಕೂ ಹೆಚ್ಚು ಅವಕಾಶ ಸಿಕ್ಕಿದೆ. ಚೆಕ್ ಬೌನ್ಸ್ ಪ್ರಕರಣದಲ್ಲಿ ಕಾನೂನು ವಿದ್ಯಾರ್ಥಿಯೊಬ್ಬನಿಗೆ ಕೋಳ ತೊಡಿಸಿ ಬಸ್ಸಿನಲ್ಲಿ, ಬೀದಿಯಲ್ಲಿ ಕರೆದೊಯ್ದದ್ದಕ್ಕೆ 2022ರಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತ್ತು.

ಇಷ್ಟು ಹೇಳಿದಾಗ ಯಾರಾದರೂ ಕೇಳಿಯೇ ಕೇಳುತ್ತಾರೆ: ಸತ್ತವರಿಗೆ, ಅತ್ಯಾಚಾರಕ್ಕೆ ಒಳಗಾದವಳಿಗೆ ಹಕ್ಕಿಲ್ಲವೇ? ಇದೆ, ಮತ್ತು ಅದು ದೊಡ್ಡದು. ಆದರೆ ಅವರ ಹಕ್ಕು ನಿಜವಾದ ಅಪರಾಧಿ ಸಿಗಬೇಕೆಂಬುದು. ಸಿಕ್ಕವನಿಗೆ ಶಿಕ್ಷೆಯಾಗಲಿ ಎಂಬುದಲ್ಲ. 2019ರ ಡಿಸೆಂಬರ್‌ನಲ್ಲಿ ಹೈದರಾಬಾದಿನ ಪಶುವೈದ್ಯೆಯ ಅತ್ಯಾಚಾರ, ಕೊಲೆಯ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದಾಗ ಹುಬ್ಬಳ್ಳಿಯಿಂದ ದೆಹಲಿಯವರೆಗೆ ಸಿಹಿ ಹಂಚಿದರು. ಸುಪ್ರೀಂ ಕೋರ್ಟು ನೇಮಿಸಿದ ಸಿರ್‌ಪುರ್‌ಕರ್ ಆಯೋಗ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಿದರು, ಸತ್ತವರಲ್ಲಿ ಮೂವರು ಅಪ್ರಾಪ್ತರು ಎಂದು ವರದಿ ಕೊಟ್ಟಿತು. ಆ ಹೆಣ್ಣುಮಗಳನ್ನು ಕೊಂದವರು ಅವರೇ ಎಂದು ಇನ್ನು ಯಾವ ಕೋರ್ಟೂ ಸಾಕ್ಷ್ಯ ನೋಡಿ ಹೇಳಲಾರದು. ಅವಳಿಗೆ ಸಿಗಬೇಕಿದ್ದ ತೀರ್ಪನ್ನೇ ಆ ಗುಂಡುಗಳು ಇಲ್ಲವಾಗಿಸಿದವು.

ವಕೀಲರೂ ಈ ಪರೀಕ್ಷೆಯಲ್ಲಿ ಸೋತದ್ದುಂಟು. 2020ರಲ್ಲಿ ಕಾಶ್ಮೀರದ ಮೂವರು ವಿದ್ಯಾರ್ಥಿಗಳ ಪರ ವಕಾಲತ್ತು ಹಾಕುವುದಿಲ್ಲವೆಂದು ಹುಬ್ಬಳ್ಳಿ ವಕೀಲರ ಸಂಘ ನಿರ್ಣಯ ಮಾಡಿತು. ಇಂಥ ನಿರ್ಣಯಗಳು ಕಾನೂನುಬಾಹಿರವೆಂದು 2010ರಲ್ಲೇ ಸುಪ್ರೀಂ ಕೋರ್ಟು ಹೇಳಿತ್ತು. ಹೈಕೋರ್ಟು ಕಟುವಾಗಿ ಪ್ರಶ್ನಿಸಿತು, ಬೆಂಗಳೂರಿನ ವಕೀಲರು ಪೊಲೀಸ್ ರಕ್ಷಣೆಯಲ್ಲಿ ಹೋಗಿ ಅರ್ಜಿ ಹಾಕಬೇಕಾಯಿತು. ಆರೋಪಿಯ ಪರ ನಿಲ್ಲುವುದೆಂದರೆ ಅಪರಾಧದ ಪರ ನಿಲ್ಲುವುದೆಂದು ಕರಿ ಕೋಟು ತೊಟ್ಟವರೇ ನಂಬಿದರೆ ಉಳಿದವರಿಗೆ ಏನು ಹೇಳುವುದು?

ಇನ್ನೊಂದು ಮಹತ್ವದ ತೀರ್ಪು ಬಂದರೆ ಪರಿಸ್ಥಿತಿ ಸುಧಾರಿಸೀತೆಂದು ನಾನು ನಂಬುವುದಿಲ್ಲ, ತೀರ್ಪುಗಳು ಸಾಕಷ್ಟಿವೆ. ಬೇಕಾದದ್ದು ರಿಮ್ಯಾಂಡಿನ ಹೊತ್ತಿಗೆ ಪ್ರತಿ ಆರೋಪಿಯ ಪಕ್ಕದಲ್ಲಿ ಒಬ್ಬ ವಕೀಲ ಮತ್ತು ಪ್ರಶ್ನೆ ಕೇಳುವ ಮ್ಯಾಜಿಸ್ಟ್ರೇಟ್. ಓದುಗರಲ್ಲೂ ಒಂದು ಮಾತು. ನಿಮ್ಮ ಮನೆಯವರನ್ನೋ, ನಿಮ್ಮಲ್ಲಿ ಕೆಲಸಕ್ಕೆ ಬರುವವರನ್ನೋ ಪೊಲೀಸರು ಕರೆದೊಯ್ದರೆ ಗಾಬರಿಯಾಗಿ ದಲ್ಲಾಳಿಗಳ ಕೈಗೆ ದುಡ್ಡು ಕೊಡಬೇಡಿ. ಕರೆದೊಯ್ದ ಹೊತ್ತನ್ನು ಬರೆದಿಟ್ಟುಕೊಳ್ಳಿ, ಬಂಧನದ ಕಾರಣವನ್ನು ಬರಹದಲ್ಲಿ ಕೇಳಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯ ಕಚೇರಿ ನಿಮ್ಮ ತಾಲ್ಲೂಕಿನ ಕೋರ್ಟಿನಲ್ಲೇ ಇರುತ್ತದೆ. ಸಹಾಯವಾಣಿಯ ಸಂಖ್ಯೆ 15100.